ಹಠಮಾರಿ ರೇಸ್ ಕುದುರೆಯನ್ನು ಈವೆಂಟಿಂಗ್‌ಗೆ ಪಳಗಿಸುವುದು ಹೇಗೆ?

ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು ಈವೆಂಟಿಂಗ್‌ನಲ್ಲಿ. ಈ ಆಟದಲ್ಲಿ ಒಂದೇ ಕುದುರೆಗೆ ಮೂರು ಪರೀಕ್ಷೆ. ಡ್ರೆಸಾಜ್‌ನಲ್ಲಿ ಹೇಳಿದ ಜಾಗದಲ್ಲಿ, ಹೇಳಿದ ನಡಿಗೆಯಲ್ಲಿ ಸಾಗಬೇಕು. ಕ್ರಾಸ್ ಕಂಟ್ರಿಯಲ್ಲಿ ದಿಮ್ಮಿ, ಹಳ್ಳ, ನೀರು ದಾಟುತ್ತಾ ಬಯಲಲ್ಲಿ ಓಡಬೇಕು. ಶೋ ಜಂಪಿಂಗ್‌ನಲ್ಲಿ ಕಂಬ ಬೀಳಿಸದೆ ಹಾರಬೇಕು, ಒಂದು ಬಿದ್ದರೆ 4 ಪೆನಾಲ್ಟಿ.

ಹೊಸದಾಗಿ ಕಲಿಯುವವರ ಕೈಗೆ ಎಷ್ಟೋ ಸಲ ಸಿಗುವುದು ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್, ಅಂದರೆ ರೇಸ್‌ಗೆಂದೇ ಬೆಳೆಸಿದ ತಳಿಯ ಕುದುರೆ. ವೇಗ ಇದೆ, ಧೈರ್ಯವೂ ಇದೆ. ಆದರೆ ನಿಂತಲ್ಲಿ ನಿಲ್ಲೋದಿಲ್ಲ, ಎಲೆ ಅಲುಗಿದರೂ ಬೆದರುತ್ತದೆ. ಇದನ್ನು ಹಠ ಅಂತ ಕರೆಯುವ ಮೊದಲು ಸ್ವಲ್ಪ ತಡೆಯಿರಿ.

ಮೊದಲ ಕೆಲಸ, ಪಶುವೈದ್ಯರನ್ನು ಕರೆಸುವುದು. ಹಲ್ಲು, ಬೆನ್ನು, ಗೊರಸು, ಹೊಟ್ಟೆ ಎಲ್ಲ ನೋಡಿಸಿ. ಕುದುರೆಯ ಹೊಟ್ಟೆಯಲ್ಲಿ ಹಗಲೂ ರಾತ್ರಿ ಆಮ್ಲ ಊರುತ್ತಲೇ ಇರುತ್ತದೆ. ರೇಸ್ ಲಾಯದಲ್ಲಿ ಕಾಳು ಜಾಸ್ತಿ, ಹುಲ್ಲು ಕಮ್ಮಿ. ಹಾಗಾಗಿ ಈ ಕುದುರೆಗಳಲ್ಲಿ ಹೊಟ್ಟೆಹುಣ್ಣು ತುಂಬಾ ಸಾಮಾನ್ಯ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬಂದರೆ, ಅದು ಕೊಬ್ಬಲ್ಲ, ನೋವಿರಬಹುದು. ಓಟ್ಸ್, ಹುರುಳಿಯನ್ನು ನಿಧಾನವಾಗಿ ಇಳಿಸಿ, ಹುಲ್ಲು ಸದಾ ಮುಂದಿರಲಿ. ಒಂದೆರಡು ತಿಂಗಳು ಸುಮ್ನೆ ಮೇಯಲು ಬಿಡಿ. ಈ ಕಾಯುವಿಕೆಯಲ್ಲಿ ಅವಸರ ಮಾಡಿದವರು ಆಮೇಲೆ ಅದರ ಎರಡರಷ್ಟು ಸಮಯ ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಮುಂದಿನದು ನಿಲ್ಲುವ ಪಾಠ. ರೇಸ್‌ನಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯನ್ನು ಮೇಲೆತ್ತಿ ಕೂರಿಸುತ್ತಾರೆ. ಹತ್ತುವಾಗ ನಿಲ್ಲಬೇಕು ಅಂತ ಅದಕ್ಕೆ ಯಾರೂ ಕಲಿಸಿಲ್ಲ, ಅಲ್ವಾ? ಹತ್ತುವ ಮೆಟ್ಟಿಲ ಪಕ್ಕ ತನ್ನಿ. ಜರುಗಿದರೆ ಬೈಯದೆ ಅದೇ ಜಾಗಕ್ಕೆ ವಾಪಸ್ ತನ್ನಿ. ನಿಂತರೆ ಹೆಗಲ ಮೇಲೆ ಕೆರೆದು, ಹತ್ತದೆ ಕರೆದುಕೊಂಡು ಹೋಗಿ. ನಾಲ್ಕೈದು ದಿನ ಇಷ್ಟೇ ಮಾಡಿದರೂ ಸಾಕು.

ಇನ್ನು ಲಗಾಮು. ನನ್ನ ಪ್ರಕಾರ ಇಡೀ ತರಬೇತಿ ನಿಂತಿರುವುದು ಇಲ್ಲೇ. ರೇಸ್‌ನಲ್ಲಿ ಲಗಾಮು ಬಿಗಿಯಾದರೆ ಕುದುರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡುತ್ತದೆ. ನೀವು ಎಳೆದಷ್ಟೂ ಅದು ಮುಂದಕ್ಕೆ ನುಗ್ಗುವುದು ಅದಕ್ಕೇ. ಅನುಭವಿ ಕೋಚ್ ಎದುರಲ್ಲಿ, ಹೆಲ್ಮೆಟ್ ಮತ್ತು ಎದೆಕವಚ ಹಾಕಿಕೊಂಡು, 20 ಮೀಟರ್ ಅಗಲದ ಸುತ್ತಿನಲ್ಲಿ ಟ್ರಾಟ್ (ನಡಿಗೆಗಿಂತ ಜೋರಾದ ಹದ ಓಟ) ಮಾಡಿಸಿ. ಬೆರಳು ಮುಚ್ಚಿ, ಉಸಿರು ಬಿಡಿ, ಜೀನಿನಲ್ಲಿ ಆಳವಾಗಿ ಕೂರಿ. ಒಂದೇ ಒಂದು ಹೆಜ್ಜೆ ನಿಧಾನವಾದರೂ ಸರಿ, ಆ ಕ್ಷಣವೇ ಬೆರಳು ಸಡಿಲಿಸಿ. ಎರಡು ಸೆಕೆಂಡ್ ತಡವಾದರೂ ಅದಕ್ಕೆ ಪಾಠ ಅರ್ಥವಾಗುವುದಿಲ್ಲ. ಅರ್ಥವಾದಾಗ ನಿಮಗೆ ಗೊತ್ತಾಗುತ್ತದೆ. ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ದವಡೆ ಸಡಿಲವಾಗುತ್ತದೆ, ಮೂಗಿನಿಂದ ಉದ್ದಕ್ಕೆ ಬುರ್ರ್ ಅಂತ ಗಾಳಿ ಬಿಡುತ್ತದೆ. ಆ ದಿನ ಅಲ್ಲಿಗೇ ಇಳಿದುಬಿಡಿ, ಇಪ್ಪತ್ತೇ ನಿಮಿಷ ಆಗಿದ್ದರೂ.

ಕುದುರೆ ಬೆದರುವುದು ಬೇರೆ ಕಥೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಸ್ವಲ್ಪ ಜಾಗ ಅದಕ್ಕೆ ಕಾಣುವುದೇ ಇಲ್ಲ. ನಾನು ಸವಾರಿ ಮಾಡುತ್ತಿದ್ದ ಒಂದು ಕಂದು ಹೆಣ್ಣು ಕುದುರೆ, ಬೇಲಿಗೆ ಸಿಕ್ಕಿಕೊಂಡಿದ್ದ ಗೊಬ್ಬರದ ಚೀಲ ನೋಡಿ ಮೂರು ದಿನ ಆ ಮೂಲೆಗೇ ಹೋಗಲಿಲ್ಲ. ಚಾವಟಿ ಹಿಡಿದಾಗ ಇನ್ನೂ ಕೆಟ್ಟಿತು. ನಾಲ್ಕನೇ ದಿನ ಇಳಿದು, ಚೀಲಕ್ಕೂ ಅದಕ್ಕೂ ನಡುವೆ ನಾನು ನಿಂತೆ. ಕತ್ತು ಚಾಚಿ ನೋಡಲು ಬಿಟ್ಟೆ. ಹತ್ತು ನಿಮಿಷದ ನಂತರ ಚೀಲವನ್ನು ಮೂಸಿ, ಕಚ್ಚಿ, ಎಳೆದೇಬಿಟ್ಟಿತು!

ಹಾರುವುದು ಇಷ್ಟೆಲ್ಲ ಆದ ಮೇಲೆ. ನೆಲದ ಮೇಲೆ ಕಂಬಗಳನ್ನು ಸುಮಾರು ನಾಲ್ಕೂವರೆ ಅಡಿ ಅಂತರದಲ್ಲಿಟ್ಟು ಟ್ರಾಟ್‌ನಲ್ಲಿ ದಾಟಿಸಿ, ಕುದುರೆಯ ಹೆಜ್ಜೆಗೆ ತಕ್ಕಂತೆ ಅಂತರ ಹೊಂದಿಸಿ. ಆಮೇಲೆ ಗುಣಾಕಾರದ ಗುರುತಿನಂತೆ ಇಟ್ಟ ಪುಟ್ಟ ಕಂಬ, ಆಮೇಲೆ ಮೊಣಕಾಲೆತ್ತರದ ದಿಮ್ಮಿ. ನೀರಿಗೆ ಇಳಿಸುವಾಗ ಅನುಭವ ಇರುವ ಶಾಂತ ಕುದುರೆಯೊಂದು ಮುಂದೆ ಹೋಗಲಿ. ಸ್ಪರ್ಧೆಯ ಕ್ರಾಸ್ ಕಂಟ್ರಿಯಲ್ಲಿ ಒಮ್ಮೆ ನಿರಾಕರಿಸಿದರೆ 20 ಪೆನಾಲ್ಟಿ. ಅಭ್ಯಾಸದಲ್ಲಿ ಆ ಲೆಕ್ಕ ಬೇಡ. ನಿಂತುಬಿಟ್ಟರೆ ಬೇರೆ ಕಡೆ ತಿರುಗಿಸಬೇಡಿ, ಅಲ್ಲೇ ನಿಂತು ನೋಡಲಿ. ಎತ್ತರ ಇಳಿಸಿ ಮತ್ತೆ ಬನ್ನಿ.

ಮೊದಲ ಸ್ಪರ್ಧೆಗೆ ಹೆಸರು ಕೊಡದೆ ಹೋಗಿ. ಲಾರಿಯಿಂದ ಇಳಿಸಿ, ಧ್ವನಿವರ್ಧಕ, ಬಾವುಟ, ಜನ ಎಲ್ಲ ತೋರಿಸುತ್ತಾ ಕೈಯಲ್ಲಿ ಹಿಡಿದು ನಡೆಸಿ. ಒಂದು ಕಡೆ ನಿಲ್ಲಿಸಿ ಹುಲ್ಲು ಹಾಕಿ. ತಲೆ ತಗ್ಗಿಸಿ ತಿನ್ನತೊಡಗಿದರೆ ಮುಂದಿನ ಸಲ ಜೀನು ತೆಗೆದುಕೊಂಡು ಹೋಗಬಹುದು.