ಮೊದಲು ಸರಿಯಾಗಿ ಕೂಡಿಸಬೇಕು

ರೋಣ ತಾಲೂಕಿನ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರ್. ನಮ್ಮಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಕಾಲು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು, ಬಲಗೈ ಮುಷ್ಟಿ ಬಿಡುತ್ತಿರಲಿಲ್ಲ. ಮಾತು ಕಡಿಮೆ, ತಿಳಿವಳಿಕೆ ಏನೂ ಕಡಿಮೆಯಿರಲಿಲ್ಲ. "ಅಕ್ಕೋರ, ಇವನ್ನ ಕರಕೊಂಡು ಏನ್ ಮಾಡ್ತೀರಿ? ಮನ್ಯಾಗ ಮಲಗಿಸಿರತೀನಿ ಬಿಡ್ರಿ" ಅಂದಳು ಅವ್ವ. ದಿನವಿಡೀ ಮಲಗಿದ ಕೂಸಿಗೆ ಮಾಳಿಗೆ ಬಿಟ್ಟು ಮತ್ತೇನು ಕಾಣಬೇಕು?

ವರ್ಷಕ್ಕೆರಡು ಸಲ ಅಂಗನವಾಡಿ ಮಕ್ಕಳನ್ನು ನೋಡುವ ಆರ್‌ಬಿಎಸ್‌ಕೆ (ಸರಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದವರು ಗದಗಿಗೆ ಕಳಿಸಿದರು. ಅಲ್ಲಿ ಫಿಜಿಯೋಥೆರಪಿ ಮೇಡಂ ಮಾಡುವುದನ್ನು ಅವನ ಅವ್ವನ ಜೊತೆ ಕೂತು ನೋಡಿಕೊಂಡೆ.

ಊರಿನವರೊಬ್ಬರು ಕುರ್ಚಿ ಕೊಡಲು ಬಂದರು. ಬೇಡವೆಂದೆ. ಎಲ್ಲರೂ ಚಾಪೆ ಮೇಲಿರುವಾಗ ಇವನೊಬ್ಬ ಮೇಲೆ ಕೂತರೆ ಆಟವೆಲ್ಲ ಅವನ ಕೈಗೆ ಎಟುಕದ ಕಡೆಯೇ ನಡೆಯುತ್ತದೆ. ಹಳೇ ಕೌದಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಹಗ್ಗ ಕಟ್ಟಿದೆವು. ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಕೌದಿಯ ಆಚೆ ಒಂದು ಕಾಲು, ಈಚೆ ಒಂದು ಕಾಲು, ಎರಡೂ ಪಾದ ನೆಲಕ್ಕೆ ತಾಗುವಂತೆ ಕೂಡಿಸಿದೆ. ತೊಡೆ ಅಗಲಿದರೆ ಕಾಲಿನ ಬಿಗಿ ಸಡಿಲಾಗುತ್ತದೆ; ಬೀಳುವ ಅಂಜಿಕೆ ಹೋದರೆ ಕೈ ತಾನೇ ಕೆಲಸಕ್ಕೆ ಬರುತ್ತದೆ. ಆಮೇಲೆ ಉಳಿದ ಮಕ್ಕಳನ್ನೆಲ್ಲ ಆ ಮೂಲೆಯ ಸುತ್ತಲೇ ಕೂಡಿಸತೊಡಗಿದೆ. ಹಾಡು, ಕಥೆ, ಅಭ್ಯಾಸ ಎಲ್ಲ ಅಲ್ಲೇ.

ಊಟದಲ್ಲೂ ಇದೇ. ಮನೆಯಲ್ಲಿ ಅಂಗಾತ ಮಲಗಿಸಿ ಉಣಿಸುತ್ತಿದ್ದರು. ಅದರಿಂದ ಅನ್ನ ಶ್ವಾಸನಾಳಕ್ಕೆ ಹೋಗಿ ಕೆಮ್ಮು ಬರುತ್ತದೆ. ನೆಟ್ಟಗೆ ಕೂಡಿಸಿ, ಗದ್ದ ತುಸು ಕೆಳಗಿರುವಂತೆ, ಅನ್ನ-ಸಾರು ಮೆತ್ತಗೆ ಹಿಸುಕಿ ಸಣ್ಣ ತುತ್ತು ಕೊಡುವುದು. ಹೊತ್ತು ಹಿಡಿಯುತ್ತದೆ. ಸಹಾಯಕಿ ಗೊಣಗಿದರೂ ಕಲಿತಳು, ಈಗ ನನಗಿಂತ ಚೆನ್ನಾಗಿ ಉಣಿಸುತ್ತಾಳೆ. ಚಮಚದ ಹಿಡಿಗೂ ಬಣ್ಣದ ಕಡ್ಡಿಗೂ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆವು.

ಕೆಲ ತಾಯಂದಿರಿಗೆ ಇದು ಅಂಟುಜಾಡ್ಯವೇನೋ ಎಂಬ ಭಯ. ಭಾಷಣ ಮಾಡಲಿಲ್ಲ, ಬಂದು ಕೂತು ನೋಡಿರೆಂದೆ. ಮಣ್ಣೆತ್ತಿನ ಅಮಾವಾಸ್ಯೆ ಮುಂದಿತ್ತು, ಮಕ್ಕಳೆಲ್ಲ ಎರೆಮಣ್ಣು ಮಿದ್ದುತ್ತಿದ್ದರು. ಇವನೂ ಎರಡೂ ಕೈ ಹಾಕಿದ. ಎತ್ತಿಗೆ ಕೋಡು ಇಟ್ಟದ್ದು ಪಕ್ಕದ ಹುಡುಗಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಆರು ವರ್ಷದಿಂದ ಶುರು. ಅದಕ್ಕಿಂತ ಚಿಕ್ಕ ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿಗಳಿಗೆ ಮಾರ್ಗಸೂಚಿ ಬಂದದ್ದು 2023ರ ನವೆಂಬರ್‌ನಲ್ಲಿ. ಅವನೀಗ ಒಂದನೇತ್ತಕ್ಕೆ ಹೋಗಬೇಕು. ಕೂಡಿಸುವ, ಉಣಿಸುವ ರೀತಿಯನ್ನೆಲ್ಲ ಚಿತ್ರ ಬರೆದು ಹೆಡ್‌ಮಾಸ್ತರರಿಗೆ ಕೊಟ್ಟಿದ್ದೇನೆ. ಶಾಲೆಯ ಶೌಚಾಲಯಕ್ಕೆ ಮೆಟ್ಟಿಲಿವೆ, ಹಿಡಿಕೆಯಿಲ್ಲ. ಪಂಚಾಯತಿಗೆ ಅರ್ಜಿ ಹಾಕಿದ್ದೇವೆ.