ಮಿದುಳಿನ ಗೆಡ್ಡೆಯವರ ಆರೈಕೆ: ಕೊಡಗಿನ ಮಳೆಗಾಲಕ್ಕೆ ಮನೆ ಸಜ್ಜು ಮಾಡುವುದು

ಮೈಸೂರು, ಮಂಗಳೂರು ಅಥವಾ ಬೆಂಗಳೂರಿನಲ್ಲಿ ಆಪರೇಷನ್, ರೇಡಿಯೇಷನ್ ಮುಗಿಸಿ ಊರಿಗೆ ಮರಳಿದವರ ದಿನ ಕೆಡುವುದು ಹೆಚ್ಚಾಗಿ ಮಾತ್ರೆಯ ಹೊತ್ತು ತಪ್ಪಿದಾಗ. ಮಳೆಗೆ ಮರ ಬಿದ್ದು, ಬರೆ ಜರಿದು ರಸ್ತೆ ಮುಚ್ಚುವ ಮೊದಲೇ, ಅಂದರೆ ಮೇ ತಿಂಗಳೊಳಗೆ, ಒಂದು ತಿಂಗಳ ಮಾತ್ರೆ ಹೆಚ್ಚಾಗಿ ಬರೆಸಿ ತಂದಿಡಿ.

ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಮರೆತರೆ ನೆನಪಾದೊಡನೆ ಕೊಡಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಡಿ, ಎರಡು ಡೋಸ್ ಒಟ್ಟಿಗೆ ಬೇಡ. ಮಿದುಳಿನ ಊತ ಇಳಿಸುವ ಸ್ಟಿರಾಯ್ಡ್ ಮಾತ್ರೆ ಡೆಕ್ಸಾಮೆಥಾಸೋನ್ ಊಟವಾದ ಮೇಲೆ ಕೊಡಿ. ಸಂಜೆ ಕೊಟ್ಟರೆ ರಾತ್ರಿ ನಿದ್ದೆ ಹತ್ತುವುದಿಲ್ಲ; ಕೊನೆಯ ಡೋಸ್ ಮಧ್ಯಾಹ್ನದೊಳಗೆ ಮುಗಿಯುವಂತೆ ಹಂಚಬಹುದೇ ಎಂದು ವೈದ್ಯರನ್ನು ಕೇಳಿ. ‘ಈಗ ಚೆನ್ನಾಗಿದ್ದಾರೆ’ ಎಂದು ತಟ್ಟನೆ ನಿಲ್ಲಿಸಬೇಡಿ. ಊತ ಮರಳುತ್ತದೆ, ಹೊರಗಿನ ಸ್ಟಿರಾಯ್ಡ್‌ಗೆ ಒಗ್ಗಿದ ದೇಹ ತನ್ನದನ್ನು ತಯಾರಿಸುವುದನ್ನು ತಗ್ಗಿಸಿರುವುದರಿಂದ ರಕ್ತದೊತ್ತಡವೂ ಕುಸಿಯಬಹುದು. ವಾರಗಟ್ಟಲೆ ತೆಗೆದುಕೊಂಡವರಲ್ಲಿ ತೊಡೆಯ ಸ್ನಾಯು ಸೊರಗಿ ಕುಕ್ಕರಗಾಲಿನಿಂದ ಏಳಲಾಗದಿರಬಹುದು. ಇದನ್ನು ಸೋಮಾರಿತನ ಎನ್ನುವವರಿದ್ದಾರೆ! ಎತ್ತರದ ಕಮೋಡ್ ಇಟ್ಟು ಗೋಡೆಗೆ ಹಿಡಿಕೆ ಹಾಕಿಸಿ. ಬಾಯಾರಿಕೆ, ಪದೇ ಪದೇ ಮೂತ್ರ ಕಂಡರೆ ಸಕ್ಕರೆ ಪರೀಕ್ಷಿಸಿ.

ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಕೈಗೆ ಕಬ್ಬಿಣ ಕೊಟ್ಟರೆ ಉಪಯೋಗವಿಲ್ಲ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ 108. ಮಳೆಗೆ ನೆಟ್‌ವರ್ಕ್ ಹೋದಾಗ ಯಾರ ಜೀಪ್ ಬರಬೇಕೆಂದು ಮೊದಲೇ ಮಾತಾಡಿಕೊಂಡಿರಿ. ಕರಿಮೆಣಸಿನ ಏಣಿ, ಕಳೆ ಕತ್ತರಿಸುವ ಮೆಷಿನ್, ಕೆರೆ, ಡ್ರೈವಿಂಗ್ ವೈದ್ಯರು ಒಪ್ಪುವವರೆಗೆ ಬೇಡ. ಬಚ್ಚಲಿನ ಚಿಲಕ ಹಾಕದಿರಲಿ, ಹಂಡೆಯ ಬಿಸಿನೀರನ್ನು ಬೇರೆಯವರು ಬೆರೆಸಿಕೊಡಲಿ.

ಸಿಡುಕು, ಹಠ ಏಕಾಏಕಿ ಹೆಚ್ಚಿದರೆ ಅದು ಗೆಡ್ಡೆಯದೂ ಇರಬಹುದು, ಮೇಲಿನ ಎರಡು ಮಾತ್ರೆಗಳದ್ದೂ ಇರಬಹುದು. ಜಗಳಕ್ಕೆ ಇಳಿಯದೆ ವೈದ್ಯರಿಗೆ ಹೇಳಿ, ಮಾತ್ರೆ ಬದಲಿಸಲು ಬರುತ್ತದೆ. ಕೋವಿ ಇರುವ ಮನೆಯಲ್ಲಿ ಕೋವಿ, ಗುಂಡು ಎರಡನ್ನೂ ಬೇರೆ ಬೇರೆ ಬೀಗದಲ್ಲಿಟ್ಟು ಬೀಗದಕೈ ಮನೆಯ ಇನ್ನೊಬ್ಬರ ಬಳಿ ಇರಲಿ. ಮಾತೆತ್ತಲು ಮುಜುಗರವಾದರೂ ಇದನ್ನು ತಪ್ಪಿಸಬೇಡಿ.

ದಣಿವು ನಿದ್ದೆಯಿಂದ ಪೂರ್ತಿ ಹೋಗುವುದಿಲ್ಲ. ಚುರುಕಾಗಿರುವ ಹೊತ್ತು ಬೆಳಿಗ್ಗೆಯಾದರೆ ಅವರಿಗೆ ಇಷ್ಟವಾದ ಕೆಲಸವನ್ನು ಆಗ ಇಟ್ಟು, ಸ್ನಾನವನ್ನು ಮಧ್ಯಾಹ್ನಕ್ಕೆ ತಳ್ಳಿ. ನೋಡಲು ಬರುವ ನೆಂಟರು ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ.

ನೀರು ಕುಡಿಯುವಾಗ ಕೆಮ್ಮಿದರೆ ನೆಟ್ಟಗೆ ಕೂರಿಸಿ, ಗಂಜಿಯಂತಹ ಮಂದ ದ್ರವ ಕೊಟ್ಟು, ನುಂಗುವಿಕೆಯನ್ನು ತಜ್ಞರಿಗೆ ತೋರಿಸಿ. ಒಣ ಅಕ್ಕಿರೊಟ್ಟಿಗಿಂತ ಸಾರಿನಲ್ಲಿ ಹಿಸುಕಿದ ಕಡಂಬುಟ್ಟು ಸಲೀಸು. ತಟ್ಟೆಯ ಒಂದೇ ಬದಿಯ ಊಟ ಉಳಿಯುತ್ತಿದ್ದರೆ ಆ ಬದಿ ಅವರಿಗೆ ಕಾಣುತ್ತಿಲ್ಲ. ತಟ್ಟೆ ತಿರುಗಿಸಿ.

ಒಂದು ನೋಟ್‌ಬುಕ್‌ನಲ್ಲಿ ಫಿಟ್ಸ್‌ನ ಸಮಯ, ನಿದ್ದೆ, ತಲೆನೋವು, ತಡವರಿಸಿದ ಮಾತು ದಿನಕ್ಕೆರಡು ಸಾಲು ಬರೆದು ಪ್ರತಿ ಭೇಟಿಗೂ ಒಯ್ಯಿರಿ. ಬೆಳಗಿನ ತಲೆನೋವಿನೊಂದಿಗೆ ವಾಂತಿ, ಹೆಚ್ಚುತ್ತಿರುವ ಮಂಪರು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಹೊರಡಿ. ನೋಟ್‌ಬುಕ್, ಡಿಸ್ಚಾರ್ಜ್ ಚೀಟಿ, ಮಾತ್ರೆಯ ಡಬ್ಬ ಒಂದೇ ಚೀಲದಲ್ಲಿರಲಿ.