ಬಾತ್‌ರೂಮ್ ಸೀಲಿಂಗ್ ಪೇಂಟ್ ಪದೇ ಪದೇ ಏಳುತ್ತಿದ್ದದ್ದು ನಿಂತ ಬಗೆ

ಶವರ್ ಮೇಲಿನ ಸೀಲಿಂಗ್‌ನಲ್ಲಿ ಪೇಂಟ್ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ಮೂಲೆಯಲ್ಲಿ ಕಪ್ಪು ಚುಕ್ಕೆಗಳು. ಎರಡು ಸಲ ಪೇಂಟ್ ಹೊಡೆಸಿದೆ, ಬ್ಲೀಚ್ ಹಾಕಿ ಒರೆಸಿದೆ, ಮೇಲಿನ ಮಹಡಿಯ ಟೈಲ್ಸ್ ಸಂದಿಗೆ ಗ್ರೌಟ್ ತುಂಬಿಸಿದೆ. ಎಲ್ಲ ದಂಡ.

ಕೊನೆಗೆ ಒಂದು ಅಡಿ ಅಗಲದ ಅಲ್ಯೂಮಿನಿಯಂ ಫಾಯಿಲ್ ಅನ್ನು ಸೀಲಿಂಗ್‌ಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ 2 ದಿನ ಬಿಟ್ಟೆ. ಹೊರಮುಖದಲ್ಲಿ ಹನಿಗಳು, ಒಳಮುಖ ಪೂರ್ತಿ ಒಣ. ಅಂದರೆ ಸೋರಿಕೆ ಅಲ್ಲ, ಸ್ನಾನದ ಹಬೆ. ಒಳಮುಖ ಒದ್ದೆಯಾಗಿದ್ದರೆ ಮೊದಲು ಪ್ಲಂಬರ್‌ನನ್ನೇ ಕರೆಯಬೇಕು.

ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು, ಆದರೆ ಟಿಶ್ಯೂ ಹಿಡಿದರೆ ಎಳೆಯುತ್ತಿರಲಿಲ್ಲ. ಹೊರಗಿನ ಶಟರ್ ಧೂಳಿಗೆ ಅಂಟಿಕೊಂಡಿತ್ತು! ಬಿಡಿಸಿ ತೊಳೆದೆ. ಬಾಗಿಲ ಕೆಳಗೆ 2 ಸೆಂ.ಮೀ. ಸಂದಿ ಮಾಡಿಸಿದೆ, ಗಾಳಿ ಒಳಗೆ ಬರದೆ ಹೊರಗೆ ಹೋಗಲ್ಲ ಅಲ್ವಾ.

ಆಮೇಲೆ ರಿಪೇರಿ: ಸಡಿಲ ಪೇಂಟ್ ಕೆರೆದು, ಬೂಷ್ಟು ತೊಳೆದು, 4 ದಿನ ಒಣಗಿಸಿದೆ. ಇಲ್ಲಿ ಅವಸರ ಬೇಡ. ಸಿಮೆಂಟ್ ಪುಟ್ಟಿ, 120 ನಂಬರ್ ಉಜ್ಜು ಕಾಗದ, ಪ್ರೈಮರ್, ಕೊನೆಗೆ ಬೂಷ್ಟು ತಡೆಯುವ ಪೇಂಟ್ ಎರಡು ಕೋಟ್. ಸ್ನಾನ ಮುಗಿದ ಮೇಲೂ ಫ್ಯಾನ್ 20 ನಿಮಿಷ ಓಡುತ್ತದೆ. ಒಂದು ವರ್ಷವಾಯಿತು, ಮತ್ತೆ ಎದ್ದಿಲ್ಲ.